ಎರಡನೇ ಬದಿಗೆ ಏನು ಕುಡಿಯುವುದು?

ಶನಿವಾರ ರಾತ್ರಿ 8.30. ಫಿಲ್ಟರ್‌ಗೆ ನಾಲ್ಕು ಚಮಚ ಕಾಫಿಪುಡಿ ಹಾಕಿ, ಬಿಲ್ಲೆ ಒತ್ತಿ, ಮೇಲೆ ಕುದಿಯುವ ನೀರು ಸುರಿಯುತ್ತೇನೆ. ಮುಚ್ಚಳ ಮುಚ್ಚಿ ಹಾಲ್‌ಗೆ ಬಂದು ರೆಕಾರ್ಡಿನ ಮೇಲೆ ಸೂಜಿ ಇಡುತ್ತೇನೆ. ಡಿಕಾಕ್ಷನ್ ಇಳಿಯುವುದಕ್ಕೆ ಸುಮಾರು 20 ನಿಮಿಷ ಬೇಕು. ಇಂಗ್ಲೆಂಡಿನ ರಾಕ್ ತಂಡ ಪಿಂಕ್ ಫ್ಲಾಯ್ಡ್‌ನ ‘ದಿ ಡಾರ್ಕ್ ಸೈಡ್ ಆಫ್ ದಿ ಮೂನ್’ ಆಲ್ಬಂನ ಮೊದಲ ಬದಿ ಮುಗಿಯುವುದಕ್ಕೂ ಹೆಚ್ಚುಕಡಿಮೆ ಅಷ್ಟೇ ಹೊತ್ತು. ಅಲ್ಲಿ ಹಾಡು ನಿಂತಾಗ ಇಲ್ಲಿ ಡಿಕಾಕ್ಷನ್ ಸಿದ್ಧವಾಗಿರುತ್ತದೆ.

ಈ ಜೋಡಿ ಕೂಡಿಬರುವುದಕ್ಕೆ ನನಗೆ ಹತ್ತಿರಹತ್ತಿರ ಒಂದು ವರ್ಷ ಹಿಡಿಯಿತು. ಆ ವರ್ಷದ ಬಗ್ಗೆ ಬರೆಯಬೇಕು ಅಂತ ಬಹಳ ದಿನದಿಂದ ಮನಸ್ಸಿನಲ್ಲಿತ್ತು.

ಈ ಆಲ್ಬಂ ನನಗೆ ಸಿಕ್ಕಿದ್ದು 1997ರಲ್ಲಿ, ಮೈಸೂರಿನ ಹಾಸ್ಟೆಲ್‌ನಲ್ಲಿ. ಸೀನಿಯರ್ ಒಬ್ಬರು ತುಂಬಿಸಿಕೊಟ್ಟ ಕ್ಯಾಸೆಟ್. ಹಾಡುಗಳ ಹೆಸರನ್ನು ನೀಲಿ ಪೆನ್ನಿನಲ್ಲಿ ಬರೆದಿದ್ದರು. ಅದು 1973ರ ಮಾರ್ಚ್‌ನಲ್ಲಿ ಬಂದ ಆಲ್ಬಂ, ಜನಪ್ರಿಯ ಆಲ್ಬಂಗಳ ಅಮೆರಿಕದ ಬಿಲ್‌ಬೋರ್ಡ್ ಪಟ್ಟಿಯಲ್ಲಿ 1988ರೊಳಗೆ 741 ವಾರ ಇತ್ತು ಅನ್ನುವುದೆಲ್ಲ ಆಮೇಲೆ ಗೊತ್ತಾಯಿತು. ಆ ರಾತ್ರಿ ಲೈಟ್ ಆರಿಸಿ ಕೇಳಿದಾಗ ಮೊದಲು ಬಂದದ್ದು ಎದೆಬಡಿತ. ತುಂಬಾ ದೂರದಿಂದ, ನಿಧಾನಕ್ಕೆ ಹತ್ತಿರ ಬಂತು. ಅದು ತಂಡದ ಡ್ರಮ್ಮರ್ ನಿಕ್ ಮೇಸನ್ ನುಡಿಸಿದ ಬೇಸ್ ಡ್ರಮ್ಮಿನ ಸದ್ದು. ನನಗೆ ಅದು ನನ್ನ ಎದೆಯೊಳಗಿಂದಲೇ ಬಂದ ಹಾಗಿತ್ತು.

ಕೆಲಸ ಸಿಕ್ಕಿ ಬೆಂಗಳೂರಿಗೆ ಬಂದ ಮೇಲೆ ಶನಿವಾರ ಅಂದರೆ ನಾಲ್ಕು ಜನ ಗೆಳೆಯರು, ಒಂದು ರೂಮು, ಈ ಆಲ್ಬಂ, ಮತ್ತೆ ಬಾಟಲಿ. ಬ್ರಿಗೇಡ್ ರಸ್ತೆಯ ಸುತ್ತಮುತ್ತ ಪಬ್‌ಗಳಿಗೆ ಹೋದರೆ ಅಲ್ಲೂ ಇದೇ ಹಾಡುಗಳು. ರಾಕ್ ಕೇಳುವುದು, ಕುಡಿಯುವುದು ಎರಡೂ ಬೇರೆಬೇರೆ ಕೆಲಸ ಅಂತ ನಮಗೆ ಅನ್ನಿಸಿರಲೇ ಇಲ್ಲ. 2002ರಲ್ಲಿ ಪಿಂಕ್ ಫ್ಲಾಯ್ಡ್‌ನಲ್ಲಿದ್ದ ರೋಜರ್ ವಾಟರ್ಸ್ ಬೆಂಗಳೂರಿಗೇ ಬಂದು ಹಾಡಿದರು. ಈ ಆಲ್ಬಂನ ಹಾಡುಗಳ ಮಾತುಗಳನ್ನೆಲ್ಲ ಬರೆದ ಮನುಷ್ಯ ಅವರು. ನಾವು ನಾಲ್ವರೂ ಹೋಗಿದ್ದೆವು. ಆ ಸಂಜೆಯ ಅರ್ಧಕ್ಕರ್ಧ ನನಗೆ ನೆನಪಿಲ್ಲ. ಇದನ್ನು ಬರೆಯುವಾಗಲೂ ಹೊಟ್ಟೆಯಲ್ಲಿ ಸಂಕಟವಾಗುತ್ತದೆ.

2021ರಲ್ಲಿ ಹೊಟ್ಟೆಯ ಸ್ಕ್ಯಾನ್ ಆಯಿತು. ಲಿವರ್‌ನಲ್ಲಿ ಕೊಬ್ಬು ಸೇರಿದೆ, ಇವತ್ತಿಂದಲೇ ಕುಡಿಯುವುದು ನಿಲ್ಲಿಸಿ ಅಂದರು ಡಾಕ್ಟರ್. ನಿಲ್ಲಿಸಿದೆ. ಬಿಟ್ಟ ಮೇಲೆ ಎಲ್ಲಕ್ಕಿಂತ ಜಾಸ್ತಿ ಒದ್ದಾಡಿದ್ದು ನನ್ನ ಬಲಗೈ. ರೆಕಾರ್ಡ್ ಹಾಕಿ ಕುರ್ಚಿಯಲ್ಲಿ ಕೂತರೆ ಕೈಗೆ ಏನು ಮಾಡಬೇಕು ಅಂತಲೇ ತಿಳಿಯುತ್ತಿರಲಿಲ್ಲ. 20 ವರ್ಷ ಗ್ಲಾಸ್ ಹಿಡಿದು ರೂಢಿಯಾಗಿತ್ತಲ್ವಾ. ನಾಲ್ಕು ತಿಂಗಳು ಟರ್ನ್‌ಟೇಬಲ್ ಮೇಲೆ ಬಟ್ಟೆ ಮುಚ್ಚಿಟ್ಟೆ. ಗೆಳೆಯರು ಕರೆದರೆ ಏನೋ ನೆಪ ಹೇಳಿದೆ.

ಒಂದು ಶನಿವಾರ ನನ್ನ ಹೆಂಡತಿಯೇ ಆ ಬಟ್ಟೆ ತೆಗೆದಳು. “ಹಾಕಿ ರೀ, ಕೇಳೋಣ. ಕುಡಿಯೋಕೆ ನಾನೇನಾದ್ರೂ ಮಾಡ್ತೀನಿ” ಅಂದಳು. ದೊಡ್ಡ ಲೋಟದ ತುಂಬ ತಣ್ಣಗೆ ನಿಂಬೆ ಷರಬತ್ತು ತಂದಳು. ಎರಡನೇ ಹಾಡು ‘ಬ್ರೀದ್’ ಮುಗಿಯುವ ಮೊದಲೇ ಲೋಟ ಖಾಲಿ. ಇನ್ನೂ ಹತ್ತರಲ್ಲಿ ಒಂಬತ್ತು ಪಾಲು ಆಲ್ಬಂ ಬಾಕಿ ಇತ್ತು, ಕೈ ಮತ್ತೆ ಬರಿದಾಯಿತು.

ಆ ರಾತ್ರಿ ಮಲಗಿಕೊಂಡು ಇದನ್ನೇ ಯೋಚಿಸಿದೆ. ಮದ್ಯ ಗಂಟಲನ್ನು ಸುಡುತ್ತದೆ. ಅದಕ್ಕೇ ಅದನ್ನು ಗುಟುಕು ಗುಟುಕಾಗಿ ಕುಡಿಯುತ್ತೇವೆ. ಒಂದು ಗ್ಲಾಸ್ ಅರ್ಧ ಗಂಟೆ ಬರುತ್ತದೆ. ಷರಬತ್ತು, ಜ್ಯೂಸ್, ಬಾಟಲಿಯ ಕೋಲಾ ಯಾವುದೂ ನಾಲಿಗೆಯನ್ನು ತಡೆಯುವುದಿಲ್ಲ. ಸಿಹಿ, ಅದರ ಮೇಲೆ ತಣ್ಣಗೆ. ಮೂರು ಗುಟುಕಿಗೆ ಮುಗಿದೇಹೋಗುತ್ತದೆ. ಈ ಆಲ್ಬಂ 43 ನಿಮಿಷದ್ದು. ಅಷ್ಟೂ ಹೊತ್ತು ಜೊತೆಗೆ ಕೂರುವಂಥ ಪಾನೀಯ ಬೇಕಾದರೆ ಅದರಲ್ಲಿ ನಮ್ಮನ್ನು ನಿಧಾನ ಮಾಡಿಸುವ ಏನೋ ಒಂದು ಇರಬೇಕು. ಕಹಿ, ಹುಳಿ, ಒಗರು, ಖಾರ, ಇಲ್ಲಾಂದ್ರೆ ಬಿಸಿ. ಆಮೇಲೆ ಏನೇ ಕುಡಿದು ನೋಡಿದರೂ ಮೊದಲು ಕೇಳಿಕೊಂಡ ಪ್ರಶ್ನೆ ಇದೇ. ಇದು ನನ್ನನ್ನು ತಡೆಯುತ್ತದಾ?

ಸುಮಾರು ಪ್ರಯೋಗಗಳಾದವು. ಆಲ್ಕೋಹಾಲ್ ಇಲ್ಲದ ಬಿಯರ್ ತಂದೆ. ಕಹಿ ಇತ್ತು, ನಿಧಾನವಾಗಿಯೂ ಕುಡಿದೆ. ಆದರೆ ಅರ್ಧ ಬಾಟಲಿಗೆ ಮೈಯೆಲ್ಲ ಹಳೆಯದನ್ನೇ ಕೇಳತೊಡಗಿತು. ಉಳಿದದ್ದನ್ನು ಸಿಂಕ್‌ಗೆ ಸುರಿದೆ. ಬಹಳ ಜನಕ್ಕೆ ಅದು ಒಗ್ಗಬಹುದು. ಆಗಷ್ಟೇ ಬಿಟ್ಟವರು ಅದರಿಂದ ಸ್ವಲ್ಪ ದೂರ ಇದ್ದರೆ ಒಳ್ಳೆಯದು ಅಂತ ನನ್ನ ಅನಿಸಿಕೆ.

ಬಣ್ಣಬಣ್ಣದ ಮಾಕ್‌ಟೇಲ್ ಕೂಡ ಮಾಡಿದೆ. ಈ ಆಲ್ಬಂನ ಕವರ್ ನೋಡಿದವರಿಗೆ ಆ ಯೋಚನೆ ಬಂದೇ ಬರುತ್ತದೆ. ಕಪ್ಪು ಹಿನ್ನೆಲೆ, ನಡುವೆ ಒಂದು ಪ್ರಿಸಂ, ಒಳಗೆ ಹೋಗುವ ಬಿಳಿ ಗೆರೆ, ಹೊರಗೆ ಬರುವ ಬಣ್ಣಗಳು. ಹಿಪ್ನೋಸಿಸ್ ಸಂಸ್ಥೆಯವರ ವಿನ್ಯಾಸ, ಚಿತ್ರ ಬರೆದವರು ಜಾರ್ಜ್ ಹಾರ್ಡಿ. ಎಣಿಸಿ ನೋಡಿದರೆ ಬಣ್ಣಗಳು ಆರೇ ಇವೆ, ಕಾಮನಬಿಲ್ಲಿನ ಏಳಲ್ಲ. ನಾನೂ ದಾಳಿಂಬೆ, ಕಿತ್ತಳೆ, ಪುದೀನ ಅಂತ ಪದರ ಪದರವಾಗಿ ಸುರಿದೆ. ನೋಡುವುದಕ್ಕೆ ಚೆನ್ನಾಗಿತ್ತು. ಆದರೆ ಕೇಳುವಾಗ ಕಣ್ಣು ಮುಚ್ಚಿರುತ್ತೇನೆ, ಬಣ್ಣ ಕಟ್ಟಿಕೊಂಡು ಏನು ಮಾಡುವುದು? ಅದರ ಮೇಲೆ ಐಸ್. ಲೋಟ ಅಲುಗಾಡಿದಾಗಲೆಲ್ಲ ಕಿಣಿಕಿಣಿ. ಈ ಆಲ್ಬಂನಲ್ಲಿ ಸಣ್ಣ ಸಣ್ಣ ಸದ್ದುಗಳೇ ಅರ್ಧ ಜೀವ. ಅವುಗಳ ಮೇಲೆ ನಮ್ಮ ಸದ್ದು ಬೀಳಬಾರದು. ಅಂದಿನಿಂದ ಐಸ್ ಬಿಟ್ಟೆ.

ಆ ಸದ್ದುಗಳ ಬಗ್ಗೆ ಸ್ವಲ್ಪ ಹೇಳಲೇಬೇಕು. ಲಂಡನ್ನಿನ ಅಬೇ ರೋಡ್‌ನಲ್ಲಿರುವ ಇಎಂಐ ಸ್ಟುಡಿಯೋದಲ್ಲಿ 1972ರ ಬೇಸಿಗೆಯಿಂದ 1973ರ ಆರಂಭದವರೆಗೆ ಈ ಆಲ್ಬಂ ತಯಾರಾಯಿತು. ‘ಟೈಮ್’ ಹಾಡಿನ ಮೊದಲಿಗೆ ಒಟ್ಟಿಗೇ ಬಡಿದುಕೊಳ್ಳುವ ಗಡಿಯಾರಗಳಿವೆಯಲ್ಲ, ಅವನ್ನು ರೆಕಾರ್ಡ್ ಮಾಡಿದ್ದು ಎಂಜಿನಿಯರ್ ಅಲನ್ ಪಾರ್ಸನ್ಸ್. ಹಳೆಯ ಗಡಿಯಾರಗಳ ಅಂಗಡಿಗೆ ಹೋಗಿ ಒಂದೊಂದೇ ಗಡಿಯಾರದ ಸದ್ದನ್ನು ಬೇರೆಬೇರೆಯಾಗಿ ಹಿಡಿದು ತಂದಿದ್ದರು. ಕಂಪ್ಯೂಟರ್ ಇಲ್ಲದ ಕಾಲ. ಎಲ್ಲವೂ ಒಂದೇ ಗಳಿಗೆಯಲ್ಲಿ ಬಡಿಯುವ ಹಾಗೆ ಟೇಪುಗಳನ್ನು ಕೈಯಿಂದಲೇ ಹೊಂದಿಸಿದರು.

ಇಂಗ್ಲೆಂಡಿನ ಆಲ್ಬಂ ಅಲ್ವಾ ಅಂತ ಕೆಲವು ವಾರ ಇಂಗ್ಲಿಷರ ಹಾಗೆ ಗಟ್ಟಿ ಟೀ ಮಾಡಿ, ಮೇಲೆ ಒಂದು ಚೂರು ಹಾಲು ಹಾಕಿ ಕುಡಿದೆ. ‘ಟೈಮ್’ಗೆ ಅದು ಚೆನ್ನಾಗಿ ಒಗ್ಗಿತು. ಆದರೆ ಆ ಟೀಗೆ ಹತ್ತು ನಿಮಿಷಕ್ಕಿಂತ ಜಾಸ್ತಿ ಆಯುಸ್ಸಿಲ್ಲ. ಮೊದಲ ಬದಿ ಮುಗಿಯುವ ಹೊತ್ತಿಗೆ ತಣ್ಣಗಾಗಿ ಮೇಲೆ ಕೆನೆ ಕಟ್ಟಿರುತ್ತಿತ್ತು.

ಕೊನೆಗೆ ಮೊದಲ ಬದಿಗೆ ನಿಂತದ್ದು ಪುನರ್ಪುಳಿ, ಅಂದರೆ ಕೋಕಂ. ನಮ್ಮತ್ತೆ ಪುತ್ತೂರಿನಿಂದ ಒಣಸಿಪ್ಪೆ ಕಳಿಸುತ್ತಾರೆ. ಹತ್ತು ಸಿಪ್ಪೆಯನ್ನು ಉಗುರುಬೆಚ್ಚಗಿನ ನೀರಿನಲ್ಲಿ ಎರಡು ಗಂಟೆ ನೆನೆಸಿ ಕಿವುಚುತ್ತೇನೆ. ಚಿಟಿಕೆ ಉಪ್ಪು, ಹುರಿದ ಜೀರಿಗೆಪುಡಿ, ನೆಲ್ಲಿಕಾಯಿಯಷ್ಟು ಬೆಲ್ಲ. ಬೆಲ್ಲ ಜಾಸ್ತಿ ಮಾಡಿದರೆ ಮತ್ತೆ ಷರಬತ್ತಿನ ಕತೆಯೇ. ಫ್ರಿಜ್‌ನಲ್ಲಿ ಇಡುವುದಿಲ್ಲ. ತಣ್ಣಗಿದ್ದರೆ ನಾಲಿಗೆ ಮರಗಟ್ಟುತ್ತದೆ, ಹುಳಿಯ ಹಿಂದೆ ಇರುವ ಸಣ್ಣ ಒಗರು ಸಿಗುವುದೇ ಇಲ್ಲ. ಈ ಹುಳಿ ಒಂದು ಗುಟುಕಿಗೇ ನಮ್ಮನ್ನು ನಿಲ್ಲಿಸುತ್ತದೆ. ಬಾಯಲ್ಲಿ ನೀರೂರುತ್ತದೆ, ಅದು ಇಳಿಯುವವರೆಗೆ ಇನ್ನೊಂದು ಗುಟುಕು ಬೇಕೆನಿಸುವುದಿಲ್ಲ. ‘ಆನ್ ದಿ ರನ್’ ಅನ್ನುವ ತುಣುಕಿನಲ್ಲಿ ಸಿಂಥಸೈಜರ್ ಎಂಟೇ ಸ್ವರಗಳನ್ನು ಹುಚ್ಚು ವೇಗದಲ್ಲಿ ಸುತ್ತಿಸುತ್ತದೆ, ಯಾರೋ ಓಡುವ ಹೆಜ್ಜೆಸದ್ದು ಕೇಳುತ್ತದೆ. ಅಷ್ಟು ಓಟದ ನಡುವೆ ಬಾಯಲ್ಲಿ ಆ ಹುಳಿ ಮಾತ್ರ ಸುಮ್ನೆ ನಿಂತಿರುತ್ತದೆ. ನನಗೆ ಅದು ತುಂಬಾ ಇಷ್ಟ.

ಮೊದಲ ಬದಿಯ ಕೊನೆಯ ಹಾಡು ‘ದಿ ಗ್ರೇಟ್ ಗಿಗ್ ಇನ್ ದಿ ಸ್ಕೈ’. ಅದು ಶುರುವಾದರೆ ಲೋಟ ಕೆಳಗಿಡುತ್ತೇನೆ.

1973ರ ಜನವರಿಯ ಒಂದು ಭಾನುವಾರ ಕ್ಲೇರ್ ಟೋರಿ ಅನ್ನುವ ಗಾಯಕಿಯನ್ನು ಸ್ಟುಡಿಯೋಗೆ ಕರೆಸಿದರು. ಆಕೆಗೆ ಆಗ 25 ವರ್ಷ. ತಂಡದ ಕೀಬೋರ್ಡ್ ವಾದಕ ರಿಚರ್ಡ್ ರೈಟ್ ಅವರ ಪಿಯಾನೊ ಕೇಳಿಸಿ, ಮಾತು ಬೇಡ, ಸುಮ್ನೆ ದನಿಯಲ್ಲೇ ಹಾಡಿ ಅಂದರು. ಆಕೆ ತನ್ನ ಗಂಟಲನ್ನೇ ಒಂದು ವಾದ್ಯ ಅಂದುಕೊಂಡು ಹಾಡಿದಳು. ಒಂದು ಸಲ, ಇನ್ನೊಂದು ಸಲ, ಮೂರನೆಯದನ್ನು ಅರ್ಧಕ್ಕೇ ನಿಲ್ಲಿಸಿದಳು. ಅತಿಯಾಯಿತೇನೋ ಅಂತ ಮುಜುಗರಪಟ್ಟುಕೊಂಡು ಮನೆಗೆ ಹೋದಳು. ಸಂಭಾವನೆ 30 ಪೌಂಡ್. ತಾನು ಹಾಡಿದ್ದನ್ನು ಬಳಸಿದ್ದಾರೆ ಅಂತ ಆಕೆಗೆ ಗೊತ್ತಾಗಿದ್ದು ಅಂಗಡಿಯಲ್ಲಿ ಆಲ್ಬಂ ಮೇಲೆ ತನ್ನ ಹೆಸರು ಕಂಡಾಗ. ಆ ರಾಗ ಕಟ್ಟಿದವಳು ತಾನೂ ಹೌದು ಅಂತ 2004ರಲ್ಲಿ ಕೋರ್ಟಿಗೆ ಹೋದಳು. ಮರುವರ್ಷ ರಾಜಿಯಾಯಿತು. ಈಗ ರಚನೆಯ ಜಾಗದಲ್ಲಿ ರೈಟ್ ಜೊತೆಗೆ ಟೋರಿ ಹೆಸರೂ ಇರುತ್ತದೆ. 30 ವರ್ಷ ತಡವಾಗಿ ಬಂತು. ಬಂತಲ್ಲ, ಅದೇ ನನಗೆ ಸಮಾಧಾನ.

ಆ ನಾಲ್ಕು ಚಿಲ್ಲರೆ ನಿಮಿಷಕ್ಕೆ ಹೊಂದುವ ಪಾನೀಯ ಹುಡುಕಿ ಹುಡುಕಿ ಕೈಬಿಟ್ಟೆ. ಉಸಿರು ಬಿಗಿಹಿಡಿದು ಕೇಳುವ ಹಾಡು ಅದು. ಬಾಯಲ್ಲಿ ಏನೂ ಇರಬಾರದು. ಕೈ ಬರಿದಾದರೆ ಹೆದರುತ್ತಿದ್ದ ನಾನು, ಈಗ ಆ ಹಾಡಿಗಾಗಿ ನಾನೇ ಕೈ ಬರಿದು ಮಾಡಿಕೊಳ್ಳುತ್ತೇನೆ.

ಆಮೇಲೆ ಎದ್ದು ರೆಕಾರ್ಡ್ ತಿರುವಿ ಹಾಕಬೇಕು. ಫೋನಿನಲ್ಲಿ ಕೇಳುವವರಿಗೆ ಈ ಬಿಡುವು ಸಿಗುವುದಿಲ್ಲ, ಅದೊಂದು ನಷ್ಟ ಅಂತಲೇ ನಾನು ಹೇಳುತ್ತೇನೆ. ಎರಡನೇ ಬದಿ ಶುರುವಾಗುವುದು ‘ಮನಿ’ ಹಾಡಿನಿಂದ. ನಾಣ್ಯ ಸುರಿಯುವ ಸದ್ದು, ಕಾಗದ ಹರಿಯುವ ಸದ್ದು, ಅಂಗಡಿಯ ಕ್ಯಾಶ್ ರಿಜಿಸ್ಟರ್ ತೆರೆಯುವ ಸದ್ದು. ವಾಟರ್ಸ್ ಅವರ ಆಗಿನ ಹೆಂಡತಿ ಮಣ್ಣಿನ ಪಾತ್ರೆ ಮಾಡುತ್ತಿದ್ದರು. ಅವರು ಮಣ್ಣು ಕಲಸುವ ಬೋಗುಣಿಗೆ ನಾಣ್ಯ ಎಸೆದು ಆ ಸದ್ದು ಹಿಡಿದದ್ದು. ಟೇಪನ್ನು ಅಳತೆಪಟ್ಟಿ ಇಟ್ಟು ಒಂದೇ ಉದ್ದಕ್ಕೆ ಕತ್ತರಿಸಿ, ಏಳು ತುಂಡು ಜೋಡಿಸಿ, ಬಳೆಯ ಹಾಗೆ ಸುತ್ತಿಸಿದರು. ಹಾಗಾಗಿ ಹಾಡಿನ ಲೆಕ್ಕ ಏಳು. ನನ್ನ ಅಕ್ಕ ಕರ್ನಾಟಕ ಸಂಗೀತ ಕಲಿತವಳು. ಮೊದಲ ಸಲ ಇದನ್ನು ಕೇಳಿದಾಗ ತೊಡೆಯ ಮೇಲೆ ತಾಳ ಹಾಕಿ, “ಲೋ, ಇದು ಮಿಶ್ರ ಚಾಪು ಕಣೋ, ತಕಿಟ ತಕಧಿಮಿ” ಅಂದಿದ್ದಳು. ಗಿಟಾರ್ ಶುರುವಾದ ಮೇಲೆ ಲೆಕ್ಕ ನಾಲ್ಕಕ್ಕೆ ಬಂದಾಗ ಥಟ್ಟನೆ ಕೈ ನಿಲ್ಲಿಸಿ ನನ್ನ ಮುಖ ನೋಡಿದಳು.

ಈ ಹಾಡಿಗೆ ಗೋಲಿ ಸೋಡಾ. ಬೇರೆ ಯಾವುದೂ ಬೇಡ. ಸೂಜಿ ಇಡುವ ಮೊದಲು ಗೋಲಿ ಒತ್ತಿದರೆ ‘ಟಪ್’ ಅಂತ ಇಳಿದು ಕತ್ತಿನಲ್ಲಿ ಕೂರುತ್ತದೆ. ಆ ಸದ್ದು ಮುಗಿಯುತ್ತಿದ್ದಂತೆ ನಾಣ್ಯಗಳ ಸದ್ದು. ಆ ಬಾಟಲಿಯ ಹುಟ್ಟೂರೂ ಲಂಡನ್ನೇ. ಕ್ಯಾಂಬರ್‌ವೆಲ್‌ನ ಹೈರಮ್ ಕಾಡ್ ಅನ್ನುವವರು 1872ರಲ್ಲಿ ಇದಕ್ಕೆ ಪೇಟೆಂಟ್ ಪಡೆದರು. ಒಳಗಿನ ಗ್ಯಾಸ್ ಗೋಲಿಯನ್ನು ಮೇಲಕ್ಕೆ ಒತ್ತಿ ಬಾಯಿ ಮುಚ್ಚುತ್ತದೆ. ಕಾರ್ಕ್ ಬೇಡ, ಬಿರಡೆ ಬೇಡ. ಅದಾಗಿ ಸರಿಯಾಗಿ 100 ವರ್ಷಕ್ಕೆ ಅದೇ ಊರಿನಲ್ಲಿ ಈ ಆಲ್ಬಂನ ಕೆಲಸ ಶುರುವಾಯಿತು. ಇಂಗ್ಲೆಂಡಿನಲ್ಲಿ ಆ ಬಾಟಲಿ ಯಾವತ್ತೋ ಮರೆಯಾಯಿತು, ನಮ್ಮ ಬೀದಿಗಳಲ್ಲಿ ಉಳಿದುಕೊಂಡಿದೆ. ನಾನು ಸೋಡಾಗೆ ನಿಂಬೆ, ಉಪ್ಪು ಮಾತ್ರ ಹಾಕುತ್ತೇನೆ. ಆ ಚುರುಚುರು ನಾಲಿಗೆಯನ್ನು ತಡೆಯುತ್ತದೆ. ಹಾಡೂ ಜೋರಾಗಿರುವುದರಿಂದ ನೊರೆಯ ಸದ್ದು ಅಡ್ಡ ಬರುವುದಿಲ್ಲ.

ಮುಂದಿನ ಹಾಡು ‘ಅಸ್ ಆ್ಯಂಡ್ ದೆಮ್’ ಹಾಗಲ್ಲ. ಅಲ್ಲಿ ಒಂದೊಂದು ಮಾತಿನ ನಂತರವೂ ದೊಡ್ಡ ಖಾಲಿ ಜಾಗ ಬಿಟ್ಟಿದ್ದಾರೆ. ಮಾತು ಆ ಜಾಗದಲ್ಲಿ ಮತ್ತೆ ಮತ್ತೆ ಮಾರ್ದನಿಸಿ ಕರಗುತ್ತದೆ. ಸೋಡಾ ಹಿಡಿದು ಕೂರುವ ಹಾಡೇ ಅಲ್ಲ. ಅದಕ್ಕೇ ಒಂದು ಶನಿವಾರ ‘ಮನಿ’ ಮುಗಿಯುತ್ತಾ ಬಂದಾಗ ಸೋಡಾ ಕೆಳಗಿಟ್ಟು ಅಡುಗೆಮನೆಗೆ ಹೋದೆ. ಡಿಕಾಕ್ಷನ್ ಇಳಿದಿತ್ತು, ಹಾಲು ಬಿಸಿ ಇತ್ತು. ಸಕ್ಕರೆ ಹಾಕದೆ ಕಲಸಿದೆ. ಲೋಟ ಹಿಡಿದು ವಾಪಸ್ ಬರುತ್ತಾ ಬಾಗಿಲಲ್ಲೇ ನಿಂತುಬಿಟ್ಟೆ.

ಹಾಡು ಸಣ್ಣಗಾಗುತ್ತಿತ್ತು. ಅದರೊಳಗೆ ಜನ ಮಾತಾಡುತ್ತಿದ್ದರು.

ಮಾತಾಡುವ ದನಿಗಳು ಅಲ್ಲಿವೆ ಅಂತ ನನಗೆ ಗೊತ್ತಿತ್ತು. ಅವು ಬಂದದ್ದು ಹೀಗೆ. ವಾಟರ್ಸ್ ಕಾರ್ಡುಗಳ ಮೇಲೆ ಪ್ರಶ್ನೆಗಳನ್ನು ಬರೆದಿಟ್ಟು, ಸ್ಟುಡಿಯೋದಲ್ಲಿ ಸಿಕ್ಕವರನ್ನೆಲ್ಲ ಮೈಕಿನ ಮುಂದೆ ಕೂರಿಸಿ ಉತ್ತರ ಕೇಳಿದರು. ಸಾವೆಂದರೆ ಭಯವಾ? ಕೊನೆಯ ಸಲ ಯಾರ ಮೇಲೆ ಕೈ ಮಾಡಿದೆ? ಆಗ ನಿನ್ನ ಕಡೆ ನ್ಯಾಯ ಇತ್ತಾ? ಬಾಗಿಲು ಕಾಯುವವರು, ಸಾಮಾನು ಹೊರುವವರು, ಪಕ್ಕದ ತಂಡದವರು ಎಲ್ಲರೂ ಉತ್ತರಿಸಿದರು. ಬೀಟಲ್ಸ್ ಖ್ಯಾತಿಯ ಪಾಲ್ ಮೆಕಾರ್ಟ್ನಿ ಕೂಡ ಉತ್ತರ ಕೊಟ್ಟರು. ಆದರೆ ಅದನ್ನು ಬಳಸಲಿಲ್ಲ. ಮೆಕಾರ್ಟ್ನಿಯ ವಿಂಗ್ಸ್ ತಂಡದ ಗಿಟಾರ್ ವಾದಕ ಹೆನ್ರಿ ಮೆಕಲಾಗೆ ಆ ಜಗಳದ ಪ್ರಶ್ನೆ ಸಿಕ್ಕಿತು. ಬೇರೆಯವರೆಲ್ಲ ನನ್ನ ಕಡೆಯೇ ನ್ಯಾಯ ಇತ್ತು ಅಂತ ಜೋರಾಗಿ ಹೇಳುತ್ತಾರೆ. ಅವನು ಮಾತ್ರ, ನನಗೆ ಗೊತ್ತಿಲ್ಲ, ಆಗ ನಾನು ಸಿಕ್ಕಾಪಟ್ಟೆ ಕುಡಿದಿದ್ದೆ ಅನ್ನುತ್ತಾನೆ.

ಅಷ್ಟೇ. ಎರಡು ಸೆಕೆಂಡಿನ ಮಾತು. ಕಾಫಿ ಲೋಟ ಕೈಯಲ್ಲಿ ಸುಡುತ್ತಿತ್ತು. 24 ವರ್ಷದಿಂದ ಈ ಆಲ್ಬಂ ಕೇಳುತ್ತಿದ್ದೆ. ಪ್ರತಿ ಸಲವೂ ಆ ಮಾತು ನನ್ನ ಕಿವಿಯ ಮುಂದೆಯೇ ಹಾದುಹೋಗಿತ್ತು. ಒಂದು ಸಲವೂ ಕೇಳಿಸಿಕೊಂಡಿರಲಿಲ್ಲ. ಎರಡನೇ ಬದಿಗೆ ಬರುವ ಹೊತ್ತಿಗೆ ನಾನು ಮೂರನೇ ಗ್ಲಾಸಿನಲ್ಲಿರುತ್ತಿದ್ದೆ. ನನ್ನ ಮದುವೆಯ ಮೊದಲ ವರ್ಷಗಳ ಕೆಲವು ರಾತ್ರಿಗಳು ನೆನಪಾದವು. ನಾನು ಏನಂದೆ ಅಂತ ಮಾರನೇ ದಿನ ನನಗೇ ನೆನಪಿರದ ರಾತ್ರಿಗಳು. ಅವಳಿಗೆ ನೆನಪಿವೆ. ಆ ರಾತ್ರಿ ಹಾಡು ಮುಗಿದ ಮೇಲೆ ನಾವಿಬ್ಬರೂ ಅದರ ಬಗ್ಗೆ ಮಾತಾಡಿದೆವು, ತುಂಬಾ ಹೊತ್ತು.

ಆಮೇಲೆ ಎರಡನೇ ಬದಿಯನ್ನು ಹೊಸ ಆಲ್ಬಂ ಕೇಳುವ ಹಾಗೆ ಕೇಳತೊಡಗಿದೆ. ಅದಕ್ಕೆ ಕಾಫಿಯಷ್ಟು ಒಳ್ಳೆಯ ಜೊತೆ ಇನ್ನೊಂದಿಲ್ಲ. ಕಹಿ ಇದೆ, ಬಿಸಿ ಇದೆ, ಎಚ್ಚರವನ್ನೂ ಕೊಡುತ್ತದೆ. ‘ಅಸ್ ಆ್ಯಂಡ್ ದೆಮ್’ ಸುಮಾರು ಎಂಟು ನಿಮಿಷದ ಹಾಡು. ಡಿಕ್ ಪ್ಯಾರಿಯ ಸ್ಯಾಕ್ಸೊಫೋನ್ ಬರುವಾಗ ಕಾಫಿ ಕುಡಿಯುವ ಹದಕ್ಕೆ ಬಂದಿರುತ್ತದೆ. ‘ಬ್ರೈನ್ ಡ್ಯಾಮೇಜ್’ ಹೊತ್ತಿಗೆ ಉಗುರುಬೆಚ್ಚಗಾಗಿ, ಅಲ್ಲಿಯವರೆಗೆ ಅಡಗಿದ್ದ ಚಿಕೋರಿಯ ಕಹಿ ಮೇಲೆ ಬರುತ್ತದೆ. ‘ಎಕ್ಲಿಪ್ಸ್’ ಮುಗಿದು ಮತ್ತೆ ಎದೆಬಡಿತ. ಅದರ ಮೇಲೆ ಸ್ಟುಡಿಯೋದ ಬಾಗಿಲು ಕಾಯುತ್ತಿದ್ದ ಜೆರಿ ಓಡ್ರಿಸ್ಕಾಲ್ ದನಿ. ಚಂದ್ರನಿಗೆ ಕತ್ತಲ ಬದಿ ಅಂತ ಬೇರೆ ಇಲ್ಲ, ಅದೆಲ್ಲ ಕತ್ತಲೇ ಅನ್ನುತ್ತಾನೆ. ಈ ಮಾತೂ ನನಗೆ ಸ್ಪಷ್ಟವಾಗಿ ಕೇಳಿಸಿದ್ದು ಕುಡಿತ ಬಿಟ್ಟ ಮೇಲೆಯೇ. ಲೋಟದ ತಳದಲ್ಲಿ ಒಂದು ಗುಟುಕು ಉಳಿಸಿಕೊಂಡು ಅದಕ್ಕಾಗಿ ಕಾಯುತ್ತೇನೆ.

ಹೋದ ತಿಂಗಳು ಆ ನಾಲ್ವರಲ್ಲಿ ಒಬ್ಬ ಮನೆಗೆ ಬಂದ. ಮೂರು ವರ್ಷವಾಗಿತ್ತು ನೋಡಿ. ಬರುವ ಮೊದಲು ಫೋನ್ ಮಾಡಿ, “ನಾನು ಏನೂ ತರಲ್ಲಪ್ಪ, ನೀನು ಕೊಟ್ಟಿದ್ದು ಕುಡೀತೀನಿ” ಅಂದ. ಪುನರ್ಪುಳಿಯ ಮೊದಲ ಗುಟುಕಿಗೆ ಕಣ್ಣು ಕಿರಿದು ಮಾಡಿದ. ಕ್ಲೇರ್ ಟೋರಿ ಹಾಡುವಾಗ ನನ್ನನ್ನು ನೋಡಿ ಅವನೂ ಲೋಟ ಕೆಳಗಿಟ್ಟ. ಗೋಲಿಯನ್ನು ಅವನೇ ಒತ್ತಿದ. ‘ಮನಿ’ ಮುಗಿಯುತ್ತಾ ಬಂದಾಗ ನಾನು ಕಾಫಿಗೆ ಏಳಲಿಲ್ಲ, ಅಲ್ಲೇ ಕೂತಿದ್ದೆ. ಅವನಿಗೆ ಏನೂ ಹೇಳಿರಲಿಲ್ಲ.

ಸೋಡಾ ಬಾಟಲಿ ಬಾಯಿಗೆ ಹೋಗುತ್ತಿದ್ದದ್ದು ಅರ್ಧದಲ್ಲೇ ನಿಂತಿತು.

“ಏನಂದ ಅವ್ನು?” ಅಂದ.

ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ, “ಇನ್ನೊಂದ್ಸಲ ಹಾಕು ಗುರು” ಅಂದ.

ಸೂಜಿ ಎತ್ತಿ ಹಿಂದಕ್ಕಿಟ್ಟೆ.